ಕಡತ ನಿಂತದ್ದು ಎಲ್ಲಿ: ಬಾಗಲಕೋಟೆಯ ಒಂದು ಮನೋವಿಶ್ಲೇಷಣಾ ಪ್ರಕರಣ

ಇದು ತರಬೇತಿಗೆಂದು ಹೆಣೆದ ಪ್ರಕರಣ. ಇಲ್ಲಿರುವ ನೌಕರರಾಗಲಿ ಚಿಕಿತ್ಸಕಿಯಾಗಲಿ ನಿಜವಾದ ಒಬ್ಬ ವ್ಯಕ್ತಿಯಲ್ಲ. ಕೃಷ್ಣಾ ನದಿಯ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು, ಭೂಸ್ವಾಧೀನದ ಕಾನೂನು, ಪರಿಹಾರದ ದರ ಇವೆಲ್ಲ ಇದ್ದದ್ದು ಇದ್ದ ಹಾಗೆ.

ಬಂದ ಕಾರಣ

2024ರ ಆಗಸ್ಟ್. ಬಾಗಲಕೋಟೆಯ ನವನಗರದ ಒಂದು ಖಾಸಗಿ ಕ್ಲಿನಿಕ್ಕಿಗೆ 45 ವರ್ಷದ ಪ್ರಥಮ ದರ್ಜೆ ಸಹಾಯಕರೊಬ್ಬರನ್ನು ಮನೋವೈದ್ಯರು ಕಳಿಸಿದರು. ಜುಲೈಯಿಂದ ರಾತ್ರಿ ಎರಡಕ್ಕೆ ಎಚ್ಚರವಾಗಿ ಮತ್ತೆ ನಿದ್ದೆ ಹತ್ತುತ್ತಿರಲಿಲ್ಲ. ಹೊಟ್ಟೆಯುರಿಗೆ ಎಂಡೋಸ್ಕೋಪಿ ಮಾಡಿಸಿದ್ದರು, ಏನೂ ಸಿಕ್ಕಿರಲಿಲ್ಲ. ಕೆಲಸ ಭೂಸ್ವಾಧೀನದ ಕಡತಗಳದು: ಉತಾರ (ಪಹಣಿ), ಜಂಟಿ ಅಳತೆಯ ನಕ್ಷೆ, ಖಾತೆದಾರರ ಹೆಸರು, ವಿಸ್ತೀರ್ಣ ತಾಳೆ ನೋಡಿ ಮೇಲಕ್ಕೆ ಕಳಿಸಬೇಕು. ಒಂದೇ ಸರ್ವೆ ನಂಬರನ್ನು ಹತ್ತು ಸಲ ನೋಡಿದರೂ ಸಮಾಧಾನವಾಗದೆ ಕಡತ ಮೇಜಿನ ಮೇಲೆಯೇ ಉಳಿಯುತ್ತಿತ್ತು. ವಿಳಂಬಕ್ಕೆ ಕಾರಣ ಕೇಳಿ ನೋಟಿಸ್ ಬಂದಿತ್ತು.

ಖಿನ್ನತೆಯ ಪಿಎಚ್‌ಕ್ಯೂ-9 ಮಾಪನದಲ್ಲಿ 27ಕ್ಕೆ 16 ಬಂತು; ಅಂಕ ಏರಿದಷ್ಟೂ ಖಿನ್ನತೆ ಹೆಚ್ಚು. ಸಾಯುವ ವಿಚಾರ ಬರುತ್ತದೆಯೇ ಎಂದು ನೇರವಾಗಿ ಕೇಳಿದಾಗ, "ಸತ್ರ ಚಲೋ ಅನಸ್ತೈತ್ರಿ, ಆದ್ರ ಮಾಡ್ಕೊಳ್ಳೂ ವಿಚಾರ ಇಲ್ರಿ" ಎಂದರು. ಮನೆಯಲ್ಲಿ ಬೆಳೆಗೆ ಹೊಡೆಯುವ ಎಣ್ಣಿ (ಕೀಟನಾಶಕ) ಇದೆಯೇ ಎಂದೂ ಕೇಳಲಾಯಿತು. ಈ ಭಾಗದಲ್ಲಿ ಆ ಪ್ರಶ್ನೆಯನ್ನು ಬಿಡಬಾರದು. ಇರಲಿಲ್ಲ. ಮನೋವೈದ್ಯರು ಖಿನ್ನತೆಯ ಔಷಧ ಎಸಿಟಾಲೊಪ್ರಾಮ್ 10 ಮಿ.ಗ್ರಾಂ ಮುಂದುವರಿಸಿದರು. ಆತಂಕ ತಗ್ಗಿಸಿ ನಿದ್ದೆ ತರಲು ರಾತ್ರಿ ಕೊಡುತ್ತಿದ್ದ ಕ್ಲೊನಾಜೆಪಾಮ್ 0.25 ಮಿ.ಗ್ರಾಂ ಅನ್ನು ಮೂರು ವಾರದ ನಂತರ ಇಳಿಸುತ್ತ ನಿಲ್ಲಿಸಿದರು.

ಮನಸ್ಸಿನಲ್ಲಿ ಅಡಗಿದ್ದನ್ನು ಮಾತು, ನೆನಪು, ಕನಸಿನ ಮೂಲಕ ಬಿಡಿಸುವ ಮನೋವಿಶ್ಲೇಷಣೆಯ ಮಾತಿನ ಚಿಕಿತ್ಸೆ ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶುಕ್ರವಾರ ಸಂಜೆ, 50 ನಿಮಿಷ, ಎದುರುಬದುರು ಕುರ್ಚಿಯಲ್ಲಿ. 600 ರೂಪಾಯಿಯ ಶುಲ್ಕವನ್ನು ಇವರಿಗೆ 350ಕ್ಕೆ ಇಳಿಸಲಾಯಿತು. ಆ ರಿಯಾಯಿತಿಯ ಮಾತು ಮುಂದೆ ಬರುತ್ತದೆ.

ಕೇಳಿದ ಪ್ರಶ್ನೆಗಳು

ಮೊದಲ ನಾಲ್ಕು ಭೇಟಿಗಳು ಇತಿಹಾಸಕ್ಕೆ. ಮುಳುಗಡೆ ಪ್ರದೇಶದಲ್ಲಿ "ನಿಮ್ಮ ಊರು ಯಾವುದು?" ಎಂದು ಕೇಳಿದರೆ ಸಾಲದು. ಈಗಿನ ಊರು, ಅದಕ್ಕೂ ಮೊದಲಿನ ಊರು, ಆ ಊರಲ್ಲಿ ಮನೆ ಎಲ್ಲಿತ್ತು, ಅಗಸಿಯ (ಊರಬಾಗಿಲಿನ) ಒಳಗೋ ಹೊರಗೋ, ಅವಾರ್ಡ್ (ಪರಿಹಾರದ ಆದೇಶ) ಯಾರ ಹೆಸರಿಗೆ ಆಯಿತು, ದುಡ್ಡು ಯಾರ ಕೈಗೆ ಹೋಯಿತು, ಹೆಣ್ಣುಮಕ್ಕಳಿಂದ ಸಹಿ ಹಾಕಿಸಿಕೊಂಡರೋ ಪಾಲು ಕೊಟ್ಟರೋ, ಹಳೆಯ ಊರಲ್ಲಿ ಮಣ್ಣು ಮಾಡಿದ ಹಿರಿಯರ ಜಾಗ ಈಗ ಎಲ್ಲಿದೆ. ಒಂದೊಂದನ್ನೂ ಬಿಡಿಬಿಡಿಯಾಗಿ ಕೇಳಬೇಕು. ಇವನ್ನು ಸಾಮಾಜಿಕ ಹಿನ್ನೆಲೆ ಎಂಬ ಒಂದು ಸಾಲಿನಲ್ಲಿ ಬರೆದು ಮುಗಿಸಿ, ತಾಯಿ-ತಂದೆಯ ವಿಚಾರಕ್ಕೆ ಮಾತ್ರ ಪುಟಗಟ್ಟಲೆ ಕೊಡುವ ರೂಢಿ ನಮ್ಮ ತರಬೇತಿಯಲ್ಲಿದೆ. ಆ ರೂಢಿಯಿಂದಲೇ ಅರ್ಧ ಪ್ರಕರಣ ಕೈಬಿಟ್ಟು ಹೋಗುತ್ತದೆ.

ಸಿಕ್ಕ ಉತ್ತರಗಳಿವು. ಘಟಪ್ರಭೆಯ ದಂಡೆಯ ಒಂದು ಹಳ್ಳಿ, ಊರ ಹೊರಗಿನ ದಲಿತರ ಕೇರಿ. ತಂದೆಗೆ ಹೊಲವಿರಲಿಲ್ಲ, ವರ್ಷಕ್ಕಿಷ್ಟು ಎಂದು ಮಾತಾಡಿಕೊಂಡು ಗೌಡರ ಹೊಲದಲ್ಲಿ ದುಡಿಯುತ್ತಿದ್ದರು. ಇವರಿಗೆ 21 ತುಂಬಿದಾಗ, 2000ದ ಆಸುಪಾಸಿನಲ್ಲಿ, ಊರು ಪುನರ್ವಸತಿ ಕೇಂದ್ರಕ್ಕೆ ಎದ್ದು ಬಂತು. ಮೂರು ವರ್ಷದೊಳಗೆ ತಂದೆ ತೀರಿಕೊಂಡರು. ಹೊಸ ಊರಿನಲ್ಲಿ ಇವರ ಕೇರಿಯವರಿಗೆ ಸ್ಮಶಾನದ ಜಾಗ ಇನ್ನೂ ಗೊತ್ತುಮಾಡಿರಲಿಲ್ಲ. "ನಮ್ಮಪ್ಪಗ ಮಣ್ಣು ಕೊಡಾಕ ಜಾಗಾ ಇದ್ದಿಲ್ರಿ. ಹಳ್ಳದ ದಂಡಿಗೆ ಮಾಡಿದ್ವಿ." ಇದನ್ನು ಹೇಳುವಾಗ ದನಿಯಲ್ಲಿ ಏರಿಳಿತವಿರಲಿಲ್ಲ, ಕಡತ ಓದಿದ ಹಾಗಿತ್ತು.

ನೀರು ಮತ್ತು ಕಾನೂನು

ಆಲಮಟ್ಟಿ ಅಣೆಕಟ್ಟು ಸೇರಿದ ಕೃಷ್ಣಾ ಮೇಲ್ದಂಡೆ ಯೋಜನೆಗೆ 1964ರಲ್ಲಿ ಅಡಿಗಲ್ಲು ಬಿದ್ದಿತು. 2000ದಲ್ಲಿ ಸುಪ್ರೀಂ ಕೋರ್ಟ್ ಆಲಮಟ್ಟಿಯಲ್ಲಿ 519.6 ಮೀಟರ್‌ವರೆಗೆ ನೀರು ನಿಲ್ಲಿಸಲು ಒಪ್ಪಿತು. 2010ರಲ್ಲಿ ಎರಡನೆಯ ಕೃಷ್ಣಾ ಜಲವಿವಾದ ನ್ಯಾಯಮಂಡಳಿ 524.256 ಮೀಟರ್‌ಗೆ ಹಸಿರು ನಿಶಾನೆ ತೋರಿದ ಮೇಲೆ ಇನ್ನೊಂದು ಸುತ್ತಿನ ಭೂಸ್ವಾಧೀನ ಶುರುವಾಯಿತು. ಹೀಗಾಗಿ ಬಾಗಲಕೋಟೆಯಲ್ಲಿ ಮುಳುಗಡೆ ಎಂಬುದು ಮುಗಿದ ಘಟನೆಯಲ್ಲ. ಪ್ರತಿ ವರ್ಷ ಜುಲೈ-ಆಗಸ್ಟ್‌ನಲ್ಲಿ ಹಿನ್ನೀರು ಏರುತ್ತದೆ. ಬೇಸಿಗೆಯಲ್ಲಿ ಇಳಿದಾಗ ಹಳೆಯ ಗೋಡೆ, ಗುಡಿಯ ಕಟ್ಟೆ ಮತ್ತೆ ಕಾಣುತ್ತವೆ. ಇವರ ನಿದ್ದೆ ಕೆಡುವುದೂ ವರ್ಷವರ್ಷ ಜುಲೈಯಲ್ಲೇ. ಹೆಂಡತಿ ಅದನ್ನು ಗಮನಿಸಿದ್ದರು, ಇವರು ಗಮನಿಸಿರಲಿಲ್ಲ.

1894ರ ಭೂಸ್ವಾಧೀನ ಕಾಯ್ದೆ ಆಸ್ತಿಯ ಮೇಲೆ ಹಕ್ಕಿದ್ದವರನ್ನು ಮಾತ್ರ ನೋಡುತ್ತಿತ್ತು. ಹೊಲ ಹೋದವನಿಗೆ ಹೊಲದ ಬೆಲೆ, ಮನೆ ಹೋದವನಿಗೆ ಮನೆಯ ಬೆಲೆ. ಆ ಹೊಲದಲ್ಲಿ ಜೀವ ತೇದವನ ಕೂಲಿ ಹೋದದ್ದು ಅದರ ಲೆಕ್ಕದಲ್ಲಿ ನಷ್ಟವೇ ಅಲ್ಲ. 2013ರ ಕಾಯ್ದೆಯಲ್ಲಿ ಬಾಧಿತ ಕುಟುಂಬದ ವ್ಯಾಖ್ಯೆ ಹಿಗ್ಗಿತು. ಸ್ವಾಧೀನಕ್ಕೆ ಹಿಂದಿನ ಮೂರು ವರ್ಷ ಆ ಪ್ರದೇಶದಲ್ಲಿ ದುಡಿದು ಅದನ್ನೇ ಮುಖ್ಯ ಜೀವನೋಪಾಯ ಮಾಡಿಕೊಂಡಿದ್ದ ಕೃಷಿ ಕೂಲಿಕಾರರು, ಗೇಣಿದಾರರು, ಕುಶಲಕರ್ಮಿಗಳೂ ಅದರಲ್ಲಿ ಸೇರಿದರು. ಇವರು ದಿನವೂ ತೆರೆಯುವ ಕಡತದಲ್ಲಿ ತಂದೆಯಂಥವರಿಗೆ ಈಗ ಒಂದು ಕಾಲಂ ಇದೆ. ತಂದೆಗೆ ಇರಲಿಲ್ಲ.

ಶೋಕಕ್ಕೂ ವಿಷಣ್ಣತೆಗೂ ಇರುವ ವ್ಯತ್ಯಾಸವನ್ನು ಮನೋವಿಶ್ಲೇಷಣೆಯನ್ನು ಕಟ್ಟಿದ ಫ್ರಾಯ್ಡ್ 1917ರಲ್ಲಿ ಪ್ರಕಟಿಸಿದ ಪ್ರಬಂಧದಲ್ಲಿ ಬಿಡಿಸಿದ. ಶೋಕದಲ್ಲಿ ಏನು ಹೋಯಿತು ಎಂಬುದು ಗೊತ್ತಿರುತ್ತದೆ. ವಿಷಣ್ಣತೆಯಲ್ಲಿ ಯಾರು ಹೋದರು ಎಂದು ತಿಳಿದರೂ, ಅವರೊಂದಿಗೆ ಏನು ಹೋಯಿತು ಎಂಬುದು ತಿಳಿಯುವುದಿಲ್ಲ. ಕಳೆದುಕೊಂಡವರ ಮೇಲಿನ ಸಿಟ್ಟು ತನ್ನ ಮೇಲೆಯೇ ತಿರುಗುತ್ತದೆ. ಇಲ್ಲಿ ಸೇರಿಸಬೇಕಾದ ಮಾತೊಂದಿದೆ. ಒಂದು ನಷ್ಟವನ್ನು ನಷ್ಟವೆಂದು ಸರ್ಕಾರವೂ ಊರೂ ಒಪ್ಪದೇ ಹೋದಾಗ ಮನೆಯವರಿಗೂ ಅತ್ತು ಮುಗಿಸುವುದು ಕಷ್ಟವಾಗುತ್ತದೆ. ಈ ಪ್ರಕರಣದಲ್ಲಿ ರಾಜಕೀಯ ಹೊರಗಿನಿಂದ ಬಂದು ಮನಸ್ಸಿಗೆ ತಗುಲಿದ ವಸ್ತುವಲ್ಲ, ರೋಗಲಕ್ಷಣದ ಒಳಗೇ ಅದು ಕೂತಿದೆ.

ಒಂದು ತಪ್ಪು, ಅದರ ತಿರುವುಮುರುವು ಇನ್ನೊಂದು

ಆರನೆಯ ವಾರದಿಂದ ಹತ್ತನೆಯ ವಾರದವರೆಗೆ ಚಿಕಿತ್ಸಕಿ ಎಲ್ಲವನ್ನೂ ಬಾಲ್ಯಕ್ಕೆ ಒಯ್ದರು. ನೋಟಿಸ್ ಕೊಟ್ಟ ಅಧಿಕಾರಿ ಎಂದರೆ ತಂದೆ, ಕಡತ ನಿಲ್ಲಿಸುವುದೆಂದರೆ ತಂದೆಯ ಮಾತು ಮೀರುವುದು. ನೌಕರರು ಪ್ರತಿಯೊಂದಕ್ಕೂ "ಹೌದ್ರಿ ಮೇಡಂ, ಖರೇ ಐತ್ರಿ" ಎಂದರು. ನಿದ್ದೆ ಮಾತ್ರ ಇನ್ನಷ್ಟು ಕೆಟ್ಟಿತು. ವ್ಯಾಖ್ಯಾನ ಸರಿಯಿದ್ದರೆ ಹೊಸ ನೆನಪೋ ಕನಸೋ ಸಿಟ್ಟೋ ಹೊರಬರುತ್ತದೆ. ಬರೀ ಒಪ್ಪಿಗೆ ಬಂದರೆ ಅನುಮಾನ ಪಡಬೇಕು. ಮೇಲಿನವರು ಹೇಳಿದ್ದಕ್ಕೆ ಹೌದೆನ್ನುವುದನ್ನು ಈ ಮನುಷ್ಯ ಕೇರಿಯಲ್ಲೂ ಕಚೇರಿಯಲ್ಲೂ ಕಲಿತಿದ್ದರು, ಕ್ಲಿನಿಕ್ಕಿನಲ್ಲೂ ಅದನ್ನೇ ಮಾಡಿದರು.

ಚಿಕಿತ್ಸಕಿಯ ಕೆಲಸವನ್ನು ನೋಡಿ ತಿದ್ದುವ ಮೇಲ್ವಿಚಾರಕರು ಇದನ್ನು ತೋರಿಸಿಕೊಟ್ಟ ಮೇಲೆ ಚಿಕಿತ್ಸಕಿ ಎದುರು ದಿಕ್ಕಿಗೆ ವಾಲಿದರು. ನಾಲ್ಕನೆಯ ತಿಂಗಳಲ್ಲಿ, ಅನ್ಯಾಯ ಆಗಿದೆ, ಕೇಳಬೇಕು ಎಂದು ವಕೀಲರೊಬ್ಬರ ನಂಬರ್ ಕೊಟ್ಟರು. ಮುಂದಿನ ಐದು ಭೇಟಿಗಳಲ್ಲಿ ಕನಸು ಬರಲಿಲ್ಲ, ಕಾಗದಪತ್ರದ ಝೆರಾಕ್ಸ್ ಬಂದವು. ನೌಕರರು ಉಪಕಾರ ಸ್ಮರಿಸುವ ಅರ್ಜಿದಾರರಾದರು, ಚಿಕಿತ್ಸಕಿ ದೊಡ್ಡ ಮನಸ್ಸಿನ ಧಣಿಯಾದರು. ಹಳೆಯ ಸಂಬಂಧವೇ ಕಕ್ಕುಲಾತಿಯ ವೇಷದಲ್ಲಿ ಮರಳಿತ್ತು. ಕಾನೂನಿನ ನೆರವು ಬೇಡವೆಂದಲ್ಲ. ಬೇಕಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವಿದೆ, ಮಾಹಿತಿಯನ್ನು ಒಂದು ಮಾತಿನಲ್ಲಿ ಹೇಳಬಹುದು. ನಂಬರ್ ಕೊಡುವ ಆತುರದ ಹಿಂದೆ ಯಾರ ಮನಸ್ಸು ಹಗುರಾಗಬೇಕಿತ್ತು ಎಂಬುದೇ ಮೇಲ್ವಿಚಾರಕರ ಪ್ರಶ್ನೆ. ಉತ್ತರ ಚಿಕಿತ್ಸಕಿಯ ಮನೆತನದಲ್ಲಿತ್ತು. ಅವರ ತವರಿನ ನೀರಾವರಿ ಹೊಲಗಳೂ ಹಿನ್ನೀರಿಗೆ ಹೋಗಿದ್ದವು. ಬಂದ ಪರಿಹಾರದಲ್ಲಿ ನವನಗರದಲ್ಲಿ ಎರಡು ಮನೆ ಎದ್ದಿದ್ದವು.

ಮನಸ್ಸನ್ನೂ ಸಮಾಜವನ್ನೂ ಒಟ್ಟಿಗೆ ನೋಡುವ ಪ್ರಯತ್ನ ಮನೋವಿಶ್ಲೇಷಣೆಗೆ ಹೊಸದಲ್ಲ. 1918ರಲ್ಲಿ ಬುಡಾಪೆಸ್ಟ್ ಸಮ್ಮೇಳನದಲ್ಲಿ ಫ್ರಾಯ್ಡ್ ಬಡವರಿಗೆ ಉಚಿತ ಚಿಕಿತ್ಸೆ ಸಿಗುವ ಕಾಲ ಬರಬೇಕೆಂದ. 1920ರಲ್ಲಿ ಬರ್ಲಿನ್, 1922ರಲ್ಲಿ ವಿಯೆನ್ನಾ ಅಂಥ ಚಿಕಿತ್ಸಾಲಯ ತೆರೆದವು. ನಮಗೆ ಹೆಚ್ಚು ಹತ್ತಿರದ ಪಾಠ ಮನೋವೈದ್ಯ ಫ್ರಾಂಟ್ಜ್ ಫನಾನ್‌ನದು. 1953ರಲ್ಲಿ ಫ್ರೆಂಚರ ಆಳ್ವಿಕೆಯಲ್ಲಿದ್ದ ಅಲ್ಜೀರಿಯದ ಬ್ಲಿಡಾ ಆಸ್ಪತ್ರೆಗೆ ಬಂದ ಆತ ಫ್ರಾನ್ಸಿನಲ್ಲಿ ಕಲಿತ ಗುಂಪು ಚಟುವಟಿಕೆಗಳನ್ನು ವಾರ್ಡುಗಳಲ್ಲಿ ಶುರು ಮಾಡಿದ. ಯುರೋಪಿಯನ್ ಹೆಂಗಸರಲ್ಲಿ ಅವು ಫಲ ಕೊಟ್ಟವು, ಅಲ್ಜೀರಿಯದ ಮುಸ್ಲಿಂ ಗಂಡಸರಲ್ಲಿ ಬಿದ್ದುಹೋದವು. ಆತ ದೋಷವನ್ನು ರೋಗಿಗಳ ಮೇಲೆ ಹೊರಿಸಲಿಲ್ಲ. ಕಾಫಿ ಅಂಗಡಿ, ಅಲ್ಲಿನ ಹಬ್ಬ, ಕಥೆ ಹೇಳುವವ ಇವನ್ನು ಆಸ್ಪತ್ರೆಯೊಳಗೆ ತಂದ. ಅಲ್ಲಿನವರ ಬದುಕನ್ನು ತಿಳಿಯದೆ ಹೊರಗಿನ ವಿಧಾನವನ್ನು ಹೇರಿದ್ದೇ ತಪ್ಪಾಗಿತ್ತು.

ಮೇಜಿನ ಮೇಲಿನ ದುಡ್ಡು

ಐದನೆಯ ತಿಂಗಳಲ್ಲಿ ಮೇಲ್ವಿಚಾರಕರು ಕೋಣೆಯಲ್ಲಿ ಕಣ್ಣಿಗೆ ಬಿದ್ದದ್ದನ್ನೆಲ್ಲ ಬರೆದು ತರಲು ಹೇಳಿದರು. ಚಪ್ಪಲಿ ಬಾಗಿಲಾಚೆ ಬಿಡುತ್ತಾರೆ, ಬೇರೆ ಯಾರೂ ಬಿಡುವುದಿಲ್ಲ. ಇಟ್ಟ ನೀರು ಮುಟ್ಟುವುದಿಲ್ಲ, ಬ್ಯಾಗಿನ ಬಾಟಲಿಯಿಂದ ಕುಡಿಯುತ್ತಾರೆ. ದುಡ್ಡನ್ನು ಮೇಜಿನ ಮೇಲೆ ಇಟ್ಟು ಕೈ ಹಿಂದಕ್ಕೆ ತೆಗೆದುಕೊಳ್ಳುತ್ತಾರೆ. ಚಿಕಿತ್ಸಕಿ ಇದನ್ನೆಲ್ಲ ವಿನಯ ಎಂದುಕೊಂಡಿದ್ದರು. ಬಾಗಿಲ ಮೇಲಿನ ಫಲಕದಲ್ಲಿ ಅವರ ಅಡ್ಡಹೆಸರಿದೆ. ನಮ್ಮ ಭಾಗದಲ್ಲಿ ಅಡ್ಡಹೆಸರು ಓದಿದರೆ ಮನೆತನ ಗೊತ್ತಾಗುತ್ತದೆ.

ಇದನ್ನು ಮಾತಿಗೆ ತರುವಾಗ ಪದಗಳನ್ನು ಅಳೆದು ಆಡಬೇಕು. ಚಿಕಿತ್ಸಕಿ ಹೇಳಿದ್ದು ಇಷ್ಟು: "ನೀವು ರೊಕ್ಕಾ ಟೇಬಲ್ ಮ್ಯಾಲ ಇಡ್ತೀರಿ, ನನ್ನ ಕೈಯಾಗ ಕೊಡಂಗಿಲ್ಲ. ಹೊರಗ ನನ್ನ ಅಡ್ಡಹೆಸರು ಓದೀರಿ. ಅದಕ್ಕೂ ಇದಕ್ಕೂ ಏನರ ಸಂಬಂಧ ಐತೇನು ಅಂತ ನನಗ ಅನಸ್ತೈತಿ." ಇದರಲ್ಲಿ ಆರೋಪವಿಲ್ಲ. ಜಾತಿಯನ್ನು ಇವರ ಸಮಸ್ಯೆ ಎಂದೂ ಹೇಳಿಲ್ಲ, ಇಬ್ಬರ ನಡುವೆ ಇರುವುದೆಂದು ಇಟ್ಟಿದೆ.

ತುಂಬ ಹೊತ್ತು ಮೌನ. ನಂತರದ ಎರಡು ಭೇಟಿಗೆ ಅವರು ಬರಲಿಲ್ಲ. ಚಿಕಿತ್ಸಕಿ ಒಂದೇ ಸಂದೇಶ ಕಳಿಸಿದರು: ಶುಕ್ರವಾರದ ಸಮಯ ನಿಮಗಾಗಿ ಹಾಗೇ ಇದೆ. ಮರಳಿ ಬಂದವರು ಮೊದಲ ಬಾರಿಗೆ ತಾವೇ ಪ್ರಶ್ನೆ ಕೇಳಿದರು: "ನಿಮ್ಮ ಹೊಲಾನೂ ಹೋಗ್ಯಾವಲ್ರಿ? ಎಷ್ಟು ಬಂತ್ರಿ ನಿಮಗ?"

ಇಂಥ ಪ್ರಶ್ನೆಗೆ ಉತ್ತರ ಕೊಡದೆ ಪ್ರಶ್ನೆಯನ್ನೇ ತಿರುಗಿಸಬೇಕು ಎಂದು ಕಲಿಸುತ್ತಾರೆ. ಊರಿಗೆಲ್ಲ ಗೊತ್ತಿರುವುದನ್ನು ಮುಚ್ಚಿಟ್ಟರೆ ಅದು ತಟಸ್ಥತೆ ಅಲ್ಲ, ಮೇಲಿನವರ ಮೌನ. "ಹೌದ್ರಿ, ನಮ್ಮ ಮನಿಗೆ ಪರಿಹಾರ ಬಂದೈತಿ" ಎಂದರು ಚಿಕಿತ್ಸಕಿ. ಮೊತ್ತ ಹೇಳಲಿಲ್ಲ, ಕ್ಷಮೆ ಕೇಳಲಿಲ್ಲ, ನಾವು ಅಂಥವರಲ್ಲ ಎಂದೂ ಅನ್ನಲಿಲ್ಲ. ಅವಸರದ ಕ್ಷಮೆ ಇಲ್ಲಿ ಕೆಲಸ ಕೆಡಿಸುತ್ತದೆ, ಚಿಕಿತ್ಸಕಿಗೆ ಸಮಾಧಾನ ಹೇಳುವ ಜವಾಬ್ದಾರಿಯೂ ಇವರ ಹೆಗಲಿಗೇ ಬೀಳುತ್ತದೆ. "ಇದನ್ನ ಕೇಳಿ ಏನ್ ಅನಸ್ತು?" ಎಂದು ಕೇಳಿ ಕಾದರು. ಸಿಟ್ಟು ಬಂತು. ಗೌಡರ ಹೊಲಕ್ಕೆ ಬೆಲೆ ಕಟ್ಟಿದರು, ಆ ಹೊಲ ಹಸನು ಮಾಡಿದ ಕೈಗೆ ಕಟ್ಟಲಿಲ್ಲ. ನೀವು 250 ರೂಪಾಯಿ ಬಿಟ್ಟು ಅದನ್ನ ತೀರಸಾಕ ಹತ್ತೀರೇನು ಎಂದರು. ರಿಯಾಯಿತಿ ಅವರನ್ನು ಅಷ್ಟು ದಿನ ಚುಚ್ಚಿತ್ತು. ಸಂಬಳ, ಮನೆ ಬಾಡಿಗೆ, ಮಗನ ಕಾಲೇಜು ಎಲ್ಲ ಲೆಕ್ಕ ಹಾಕಿ, ಅವರೇ ಹೇಳಿದ 450ಕ್ಕೆ ಶುಲ್ಕ ನಿಂತಿತು. ಆ ಸಂಜೆಯೂ ದುಡ್ಡು ಮೇಜಿನ ಮೇಲೆಯೇ ಇಟ್ಟರು. ಮಾತಾಡಿದ ಕೂಡಲೇ ರೂಢಿ ಬಿದ್ದುಹೋಗುವುದಿಲ್ಲ.

ಯಾವ ಕಡತಗಳು?

ಅಲ್ಲಿಯವರೆಗೆ ಎಲ್ಲರೂ ತಿಳಿದದ್ದು ಕಡತಗಳೆಲ್ಲ ನಿಲ್ಲುತ್ತವೆ ಎಂದು. ಏಳನೆಯ ತಿಂಗಳಲ್ಲಿ ಚಿಕಿತ್ಸಕಿ ಕೇಳಿದ್ದು ಬಹಳ ಸರಳವಾದ ಪ್ರಶ್ನೆ: ಯಾರ ಕಡತಗಳು ನಿಂತಿವೆ? ಹೆಸರು ಬೇಡ, ಎಷ್ಟು ಎಕರೆಯವು? ನೌಕರರು ನೋಡಿಕೊಂಡು ಬಂದು ಹೇಳಿದ್ದು ಅವರನ್ನೇ ಬೆಚ್ಚಿಸಿತ್ತು. ಪತ್ರಾಸಿನ (ತಗಡಿನ) ಮನೆ, ಎರಡು ಗುಂಟೆ ಜಾಗದ ಕಡತಗಳು ಸರಾಗ ಹೋಗಿದ್ದವು. ನಿಂತವೆಲ್ಲ ಎಂಟು ಎಕರೆಗೂ ಮೇಲಿನವು.

ಇಷ್ಟು ದಿನ ಆತಂಕ ಎಂದು ಕರೆದದ್ದರಲ್ಲಿ ಒಂದು ಪಾಲು ಏಟು ಕೊಡುವ ಬಯಕೆ. ಸರ್ಕಾರಿ ನೌಕರನಿಗೆ ಚಳವಳಿಗೆ ಇಳಿಯಲು ನಡತೆ ನಿಯಮ ಬಿಡುವುದಿಲ್ಲ, ಮೇಲಿನವರ ಮೇಲೆ ಸಿಟ್ಟಾಗಲು ಸುಪರ್ ಈಗೋ, ಎಂದರೆ ತಪ್ಪು-ಸರಿ ಎಣಿಸುವ ಒಳಗಿನ ಕಾವಲುಗಾರ, ಬಿಡುವುದಿಲ್ಲ. ಎರಡು ಬೇಲಿಯೂ ಒಂದೇ ಕಡೆ ಬಿದ್ದಾಗ ಸಿಟ್ಟಿಗೆ ಉಳಿದ ದಾರಿ ಎಂದರೆ ಜಾಗರೂಕತೆಯ ಹೆಸರಿನಲ್ಲಿ ಕಡತ ಹಿಡಿದಿಡುವುದು. ಅದಕ್ಕೆ ಶಿಕ್ಷೆ ರಾತ್ರಿ ಎರಡಕ್ಕೆ ಏಳುವುದು. ಇವರನ್ನು ಬರೀ ನೊಂದವರು ಎಂದು ಕಂಡಿದ್ದರೆ ಈ ಏಟು ಎಂದೂ ಕಾಣುತ್ತಿರಲಿಲ್ಲ. ಬರೀ ಅಸೂಯೆ ಎಂದು ಕರೆದಿದ್ದರೆ ಸಿಟ್ಟಿನೊಳಗಿನ ನ್ಯಾಯ ಅಳಿಸಿಹೋಗುತ್ತಿತ್ತು. ಚಿಕಿತ್ಸಕಿ ಎರಡನ್ನೂ ಒಂದೇ ಮಾತಿನಲ್ಲಿ ಇಟ್ಟರು: "ಸಿಟ್ಟು ಬರಬೇಕಾದ್ದೇ. ಆದ್ರ ಅದು ನಿಮಗ ಗೊತ್ತಾಗದಂಗ ಕೆಲಸಾ ಮಾಡಾಕ ಹತ್ತೈತಿ, ನಿಮ್ಮನ್ನೂ ಸುಡಾಕ ಹತ್ತೈತಿ." ಒಂದು ಗಟ್ಟಿ ಸಂಗತಿಯನ್ನು ನೌಕರರೇ ಹೇಳಿದರು. ದೊಡ್ಡ ಹಿಡುವಳಿಯ ಕಡತದ ಹಿಂದೆಯೇ ಆ ಹೊಲದ ಕೂಲಿಕಾರರ ಪಟ್ಟಿಯೂ ಇರುತ್ತದೆ. ತಡೆದಾಗ ಅದೂ ನಿಂತಿತ್ತು.

ಸರಪಳಿ

2025ರ ಏಪ್ರಿಲ್ ಕೊನೆಯಲ್ಲಿ ನೀರು ಇಳಿದಾಗ ಅವರು ಹಳೆಯ ಊರಿಗೆ ಹೋಗಿ ಬಂದರು. ಅದೇ ವಾರ ಒಂದು ಕನಸು: ಹಿನ್ನೀರಿನ ಮೇಲೆ ಟೇಪು ಹಿಡಿದು ಅಳೆಯುತ್ತಿದ್ದಾರೆ, ಇನ್ನೊಂದು ತುದಿ ಅಪ್ಪನ ಕೈಯಲ್ಲಿ, ಅಂಕಿ ಓದಲು ಬರುತ್ತಿಲ್ಲ.

ಚಿಕಿತ್ಸಕಿ ತಾವಾಗಿ ಅರ್ಥ ಹೇಳದೆ, ಟೇಪು ಎಂದರೆ ಏನು ನೆನಪಾಗುತ್ತದೆ ಎಂದು ಕೇಳಿದರು. ಮೋಜಣಿಗೆ ಬಂದವರು ಅಳತೆಯ ಸರಪಳಿ ಹಿಡಿಯಲು ಕೇರಿಯ ಗಂಡಸರನ್ನು ಕೂಲಿಗೆ ಕರೆದಿದ್ದರು. ತಂದೆ ಹೋಗಿದ್ದರು. ಮುಳುಗಲಿದ್ದ ಹೊಲವನ್ನು ಅಳೆಯಲು ಸರಪಳಿ ಹಿಡಿದ ತಂದೆಯನ್ನು ಕಂಡು ಕಾಲೇಜಿಗೆ ಹೋಗುತ್ತಿದ್ದ ಮಗನಿಗೆ ನಾಚಿಕೆಯಾಗಿತ್ತು, ಆ ರಾತ್ರಿ ಬೈದೂ ಇದ್ದರು. ಈಗ ಅಳತೆಯ ಕೆಲಸ ತಾವೇ ಮಾಡುತ್ತಿದ್ದಾರೆ, ಸಂಬಳಕ್ಕೆ. ತಂದೆಯನ್ನು ಬೈದದ್ದೇ ತಮ್ಮ ಮೇಲೆ ತಿರುಗಿತ್ತು. ಮೂರನೆಯ ತಿಂಗಳಲ್ಲಿ ಅಧಿಕಾರಿಯೇ ತಂದೆ ಎಂದದ್ದು ಯಾಕೆ ಸೋತಿತು ಎಂಬುದು ಇಲ್ಲಿ ತಿಳಿಯುತ್ತದೆ. ತಂದೆ ಕಡತದ ಮೇಲಿನ ತುದಿಯಲ್ಲಿರಲಿಲ್ಲ, ಸರಪಳಿಯ ತುದಿಯಲ್ಲಿದ್ದರು. ತಂದೆಯ ಬಗೆಗಿನ ವ್ಯಾಖ್ಯಾನಕ್ಕೆ ಜಾತಿ, ಕೂಲಿ, ಮೋಜಣಿ ಇಲ್ಲದೆ ಅರ್ಥವಿರಲಿಲ್ಲ.

ಆ ಭೇಟಿಯಲ್ಲಿ ಅವರು ಅತ್ತರು. ಮೇ ತಿಂಗಳಲ್ಲಿ ಅಣ್ಣತಮ್ಮಂದಿರು ಸೇರಿ ಹಳ್ಳದ ದಂಡೆಯ ಆ ಜಾಗಕ್ಕೆ ಕಲ್ಲು ನಿಲ್ಲಿಸಿದರು. ಚಿಕಿತ್ಸಕಿ ಅದನ್ನು ಸೂಚಿಸಿರಲಿಲ್ಲ.

ಜುಲೈ, ಸೆಪ್ಟೆಂಬರ್ ಮತ್ತು ಈಗ

ಜೂನ್ ಕೊನೆಯಲ್ಲೇ ಇಬ್ಬರೂ ಹಿನ್ನೀರಿನ ತಿಂಗಳು ಬರುತ್ತಿದೆ ಎಂದು ಮಾತಾಡಿಕೊಂಡಿದ್ದರು. ರಜೆ ಹಾಕಬೇಡಿ, ಭೇಟಿ ತಪ್ಪಿಸಬೇಡಿ, ಎಚ್ಚರವಾದರೆ ಫೋನ್ ನೋಡದೆ ಎದ್ದು ಕುಳಿತು ಏನು ಬಂತೆಂದು ಎರಡು ಸಾಲು ಬರೆಯಿರಿ ಎಂಬಷ್ಟೇ ಒಪ್ಪಂದ. ಜುಲೈಯಲ್ಲಿ ನಾಲ್ಕು ರಾತ್ರಿ ಕೆಟ್ಟವು, ಹಿಂದಿನ ವರ್ಷ ತಿಂಗಳುಗಟ್ಟಲೆ ಕೆಟ್ಟಿದ್ದವು. ಆಗಸ್ಟ್‌ನಲ್ಲಿ ಪಿಎಚ್‌ಕ್ಯೂ-9 ಅಂಕ 7.

2025ರ ಸೆಪ್ಟೆಂಬರ್‌ನಲ್ಲಿ ರಾಜ್ಯ ಸಚಿವ ಸಂಪುಟ ಕೃಷ್ಣಾ ಮೇಲ್ದಂಡೆ ಯೋಜನೆಯ ಮೂರನೆಯ ಹಂತದಲ್ಲಿ ಮುಳುಗುವ ನೀರಾವರಿ ಜಮೀನಿಗೆ ಎಕರೆಗೆ 40 ಲಕ್ಷ, ಒಣ ಜಮೀನಿಗೆ 30 ಲಕ್ಷ ರೂಪಾಯಿ ದರ ನಿಗದಿ ಮಾಡಿತು. ಕಚೇರಿಯಲ್ಲಿ ಅಂದು ಬೇರೆ ಮಾತೇ ಇರಲಿಲ್ಲ. ಆ ಮಂಗಳವಾರ ಅವರು ಕೂತ ಕೂಡಲೇ, "ಇವತ್ತ ನಿಮ್ಮ ಮ್ಯಾಲೂ ಸಿಟ್ಟು ಬಂದೈತ್ರಿ" ಎಂದರು. ಹಿಂದೆ ಇದೇ ಸಿಟ್ಟು ಹೊಟ್ಟೆಯುರಿಯಾಗಿ ಬರುತ್ತಿತ್ತು.

ಕಡತಗಳು ಈಗ ಸಾಗುತ್ತಿವೆ. ಆದರೂ ದೊಡ್ಡ ಹಿಡುವಳಿಯವು ಬಂದಾಗ ಕೈ ತಡವರಿಸುತ್ತದೆ, ಒಂದು ದಿನ ಬದಿಗಿಟ್ಟು ಮರುದಿನ ನೋಡುತ್ತಾರೆ. ಬೇರೆ ಶಾಖೆಗೆ ವರ್ಗ ಕೇಳಬೇಕೆಂಬ ಯೋಚನೆಯಿದೆ. ಅದು ಬಿಡುಗಡೆಯೋ ಪಲಾಯನವೋ ಎಂದು ಚಿಕಿತ್ಸಕಿ ತೀರ್ಪು ಕೊಟ್ಟಿಲ್ಲ, ಕೊಡಬಾರದು ಕೂಡ. ಔಷಧ ನಿಲ್ಲಿಸುವ ಮಾತನ್ನು ಮನೋವೈದ್ಯರು ಮುಂದಿನ ಜುಲೈ ದಾಟಿದ ಮೇಲೆ ಎತ್ತೋಣ ಎಂದಿದ್ದಾರೆ. ವಾರಕ್ಕೆ ಎರಡು ಭೇಟಿ ಮುಂದುವರಿದಿವೆ. ಬಾಟಲಿ ಇನ್ನೂ ಮನೆಯಿಂದಲೇ ಬರುತ್ತದೆ, ಅದರ ಮಾತು ಇನ್ನೂ ಆಗಬೇಕಿದೆ.